ಎರಡನೆಯ ಗುಡ್ಡ

ನಮ್ಮೂರಿನ ಹೆಸರು ವೂಚ್. ಅಂದರೆ ದೋಣಿ.
ತೇಲಲು ನದಿಯಿಲ್ಲ ಇಲ್ಲಿ.
ಇದ್ದ ಹೊಳೆಗಳನ್ನು ಇಟ್ಟಿಗೆಯ ಕೊಳವೆಯೊಳಗಿಟ್ಟು
ಮೇಲೆ ಟ್ರಾಮ್ ಓಡಿಸಿದರು.
ನಾನು ಚಿಕ್ಕವಳಿದ್ದಾಗ
ಸಾಬೂನು ಕಾರ್ಖಾನೆಯ ಹಿಂದೆ, ಅದೊಂದೇ ಕಡೆ,
ಹೊಳೆ ಬಯಲಿಗೆ ಬರುತ್ತಿತ್ತು:
ಸೋಮವಾರ ಕೆಂಪು, ಬುಧವಾರ ನೀಲಿ,
ಯಾವ ಗಿರಣಿ ಏನು ಚೆಲ್ಲಿತೋ ಅದು.
ಮಳೆ ಬಂದ ಮರುದಿನ ಕೆಂಪು ಬರೀ ಗುಲಾಬಿ.
ನೀರೆಷ್ಟಿದೆ ಎಂದು ಬಣ್ಣವೇ ಹೇಳಿಬಿಡುತ್ತಿತ್ತು.

ಈಗ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ನನ್ನ ಕೆಲಸವೂ ಅದೇ, ಸ್ವಲ್ಪ ಚಿಕ್ಕ ಹೊಳೆಯಲ್ಲಿ.
ತೋಳಿನ ನಾಳಕ್ಕೆ ಐದು ಮಿಲಿಗ್ರಾಂ ಹಸಿರು.
ಅದು ಹೃದಯದ ಬಲಗೋಣೆ ಹೊಕ್ಕು
ಶ್ವಾಸಕೋಶ ಬಳಸಿ ಎಡಕ್ಕೆ ಬಂದು
ಮುಂಗೈಯ ಧಮನಿಗೆ ಚುಚ್ಚಿದ ಸೂಜಿಯಿಂದ
ಯಂತ್ರದ ಗಾಜುಗಣ್ಣಿನ ಮುಂದೆ ಹಾಯುತ್ತದೆ.
ಮುಳ್ಳು ಕಾಗದದ ಮೇಲೆ ಗುಡ್ಡ ಬರೆಯುತ್ತದೆ.

ಗಟ್ಟಿ ಗುಂಡಿಗೆಯ ಗುಡ್ಡ ಚೂಪು; ಹತ್ತಿದಷ್ಟೇ ಬೇಗ ಇಳಿಜಾರು.
ಸೋತದ್ದು ಮಲಗಿದ ಹಸುವಿನ ಬೆನ್ನು.
ಅದರಡಿಯ ಜಾಗ ಅಳೆಯುವ ಯಂತ್ರ
ನಮ್ಮಲ್ಲಿಲ್ಲ. ಕತ್ತರಿ ಇದೆ.
ಗೆರೆಗುಂಟ ಕತ್ತರಿಸುತ್ತೇನೆ,
ಔಷಧದ ತಕ್ಕಡಿಯಲ್ಲಿಟ್ಟು ತೂಗುತ್ತೇನೆ.
ಕಾಗದ ಭಾರವಾದಷ್ಟೂ ಹರಿವು ಕಡಿಮೆ.
ಹೊಸ ಡಾಕ್ಟರುಗಳಿಗೆ ಇದು ತಲೆಗೆ ಹತ್ತಲು ವಾರ ಹಿಡಿಯುತ್ತದೆ.
ನನಗೆ ಒಂದು ಮಧ್ಯಾಹ್ನ ಸಾಕಾಯಿತು.
ಬಾನಿಯಲ್ಲಿ ನೀರು ಇಳಿದರೆ ಬಣ್ಣ ದಟ್ಟ:
ಅಮ್ಮನ ಉಗುರಲ್ಲಿ ಓದಿದ ಪಾಠ.

ಫೆಬ್ರವರಿಯಲ್ಲಿ ವಾಲೆಂತಿ ಮಿಕೂವಾ ಬಂದ.
ಮೂವತ್ತೊಂದು ವರ್ಷ ಬಣ್ಣದ ಮನೆಯ ಕೆಲಸ,
ಊದಿದ ಕಾಲು, ಎರಡು ಮೆಟ್ಟಿಲಿಗೊಮ್ಮೆ ನಿಲ್ಲುವ ಉಸಿರು.
"ಯಾವ ಬಣ್ಣ?" ಕೇಳಿದ.
"ಹಸಿರು."
"ನಿಲ್ಲುತ್ತದೋ, ಬಿಡುತ್ತದೋ?"
"ಬಿಡುತ್ತದೆ. ಲಿವರ್ ಹೆಕ್ಕಿ ತೆಗೆದುಬಿಡುತ್ತದೆ,
ಸ್ವಲ್ಪ ಹೊತ್ತಿಗೆಲ್ಲ."
"ಕಳಪೆ ಮಾಲು," ಅಂದು ಕಣ್ಣು ಮುಚ್ಚಿದ.

ಡಾಕ್ಟರ್ ಸುಲಿಮಿಯೆರ್ಸ್ಕಾ ಸಿರಿಂಜು ಒತ್ತಿದರು.
ಎಣಿಸಿದೆವು. ಹದಿನಾಲ್ಕು, ಹದಿನೈದು,
ಏನೂ ಇಲ್ಲ. ಕಾಗದ ಬಿಳಿಯಾಗಿ ಓಡುತ್ತಿತ್ತು.
ಆಮೇಲೆ ಮುಳ್ಳು ಮೆಲ್ಲಗೆ,
ಮುದುಕ ಕುರ್ಚಿಯಿಂದ ಏಳುವ ಹಾಗೆ, ಎದ್ದಿತು.
ಅಗಲ ಗುಡ್ಡ. ಇಳಿಯುತ್ತ ಇಳಿಯುತ್ತ
ನೆಲ ಮುಟ್ಟುವ ಮೊದಲೇ
ಮತ್ತೊಂದು ಗುಡ್ಡ, ಗಿಡ್ಡದ್ದು, ಬೆನ್ನಿಗೆ ಅಂಟಿಕೊಂಡು:
ಮೈಯೆಲ್ಲ ಒಂದು ಸುತ್ತು ಹಾಕಿ
ವಾಪಸು ಬಂದ ಬಣ್ಣ.

ಅದು ಲೆಕ್ಕಕ್ಕಿಲ್ಲ.
ಒಮ್ಮೆ ಹಾದದ್ದನ್ನು ಎರಡು ಸಲ ಎಣಿಸಬಾರದು.
ಮೊದಲ ಇಳಿಜಾರಿಗೆ ಸ್ಕೇಲು ಹಿಡಿದು, ಲೆಕ್ಕ ಹಾಕಿ,
ಅದು ಒಂದೇ ಸಲ ಹರಿದಿದ್ದರೆ ಹೇಗಿಳಿಯುತ್ತಿತ್ತೋ ಹಾಗೆ
ಪೆನ್ಸಿಲಿನಲ್ಲಿ ನೆಲದವರೆಗೆ ಎಳೆದೆ. ಕತ್ತರಿಸಿದೆ.
ಹೆಚ್ಚಿನ ಚೂರು ಮೇಜಿನಿಂದ ಬಿತ್ತು.

"ಅದೇನು ಬಿಸಾಕಿದ್ದು?"
"ತಿರುಗಿ ಬಂದದ್ದು. ಲೆಕ್ಕ ಕೆಡಿಸುತ್ತದೆ."
ಅವನು ನಕ್ಕ; ಕೆಮ್ಮು ಬಂತು; ನಿಲ್ಲಲು ಬಿಟ್ಟ.
"ನಲವತ್ತೈದರಲ್ಲಿ ನಾನೂ ತಿರುಗಿ ಬಂದೆ,
ಜರ್ಮನರ ಗಣಿಯಿಂದ, ನಡೆದುಕೊಂಡು.
ಕಚೇರಿಯ ಪಟ್ಟಿಯಲ್ಲಿ ಹೆಸರ ಮೇಲೆ ಗೆರೆ ಎಳೆದಿದ್ದರು.
ಗುಮಾಸ್ತೆ ಒಳ್ಳೆಯವಳೇ. ನಿನ್ನ ಹಾಗೆ.
ಅಂದಳು: ನಿಮ್ಮನ್ನು ಸೇರಿಸಿದರೆ ರೊಟ್ಟಿಯ ಲೆಕ್ಕ ತಪ್ಪುತ್ತದೆ.
ಹನ್ನೊಂದು ದಿನ ನಾನಿರಲಿಲ್ಲ."

ತಕ್ಕಡಿಯ ಮುಳ್ಳು ನಿಲ್ಲಲು ಕಾಯುತ್ತ
ನಾನು ಏನೂ ಅನ್ನಲಿಲ್ಲ. ಅನ್ನಬೇಕಿತ್ತೇನೋ.
ಕಾಗದ ಭಾರವಿತ್ತು.
ನಿಮಿಷಕ್ಕೆ ಎರಡೂವರೆ ಲೀಟರು.
ಅದನ್ನು ಹೇಳುವುದು ಡಾಕ್ಟರ ಕೆಲಸ, ನನ್ನದಲ್ಲ.
ಬರೆದೆ, ಸಹಿ ಮಾಡಿದೆ.
ಅವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ತುಂಬ ಹೊತ್ತು ಬೇಕಾಯಿತು.

ಹೋಗುವಾಗ ಬಗ್ಗಿದ. ಬಗ್ಗಬೇಡಿ ಅನ್ನುವಷ್ಟರಲ್ಲಿ
ನೆಲದ ಚೂರನ್ನು ಎತ್ತಿಕೊಂಡಿದ್ದ:
ಹೆಬ್ಬೆರಳಿನಷ್ಟು ಕಾಗದದ ಗಿಡ್ಡ ಗುಡ್ಡ.
ಬೆಳಕಿಗೆ ಹಿಡಿದು ನೋಡಿದ,
ಅಳತೆ ಸರಿಯಿದೆಯೇ ಎಂದು ಬಟ್ಟೆ ನೋಡುವವನಂತೆ,
ಟೋಪಿಯ ಒಳಮಡಿಕೆಯಲ್ಲಿ ಸಿಕ್ಕಿಸಿ
ಮೆಟ್ಟಿಲ ಕಡೆ ನಡೆದ.

ಎರಡು ಮೆಟ್ಟಿಲು. ನಿಂತ.
ಎರಡು ಮೆಟ್ಟಿಲು.
ಮೇಲೆ ಟ್ರಾಮ್ ಹೋದ ಸದ್ದು, ಅದರಡಿ
ಹೊಳೆ.